ಓಲೆಗರಿಯ ಋಣ



ಶ್ರಾವಣ ಮಾಸದ ಈ ಪ್ರವಚನಮಾಲೆಯಲ್ಲಿ ಇಂದು ದಾಸೋಹವನ್ನು ಕುರಿತು ಹೇಳುವುದೆಂದು ಮೊದಲೇ ತಿಳಿಸಿದ್ದೆವು. ಅದನ್ನು ನಾಳೆಗೆ ಇಟ್ಟುಕೊಂಡಿದ್ದೇವೆ. ಅದಕ್ಕೆ ಕಾರಣವಿದೆ.

ನಿನ್ನೆ ಸಾಯಂಕಾಲ ನಾವು ಪೂಜೆಗೆ ಏಳುವ ಹೊತ್ತಿಗೆ ಕುಣಿಗಲ್ ಸೀಮೆಯ ಒಬ್ಬ ವೃದ್ಧ ತಾಯಿ ತಮ್ಮ ಮಗನೊಡನೆ ಮಠಕ್ಕೆ ಬಂದರು. ಕೈಯಲ್ಲಿ ಕೆಂಪು ವಸ್ತ್ರದಲ್ಲಿ ಸುತ್ತಿದ ಒಂದು ಕಟ್ಟು ಇತ್ತು. ವರ್ಷವರ್ಷವೂ ಇಟ್ಟ ವಿಭೂತಿ ಕುಂಕುಮಗಳು ಆ ವಸ್ತ್ರದ ಮೇಲೆ ಒಂದರ ಮೇಲೊಂದು ಪದರಗಟ್ಟಿದ್ದವು. "ಬುದ್ಧೀ, ಹಳೇ ಮನೆ ಕೆಡವ್ತಾ ಇದೀವಿ. ಇದು ಅಟ್ಟದ ಮೇಲಿತ್ತು. ನಮ್ಮತ್ತೆಯೋರ ಕಾಲದಿಂದಲೂ ಆಯುಧಪೂಜೆ ದಿವಸ ಕೆಳಗಿಳಿಸಿ ಪೂಜೆ ಮಾಡಿ ಮತ್ತೆ ಮೇಲಿಡ್ತಿದ್ವಿ. ಬಿಚ್ಚಿದ್ದನ್ನ ನಾ ಕಂಡಿಲ್ಲ. ಮಗ ಯಡಿಯೂರಿನ ಹತ್ರ ಹೊಳೆಗೆ ಬಿಡೋಣ ಅಂತಾನೆ. ತಮ್ಮ ಅಪ್ಪಣೆ ಆಗಬೇಕು" ಎಂದರು. ಮಗನೂ ತಿಳಿಗೇಡಿಯೇನಲ್ಲ, ತುಮಕೂರಿನಲ್ಲಿ ಉದ್ಯೋಗದಲ್ಲಿರುವ ವಿನಯವಂತ. ಹೊಸ ಮನೆಗೆ ಅಟ್ಟವಿಲ್ಲ. ಬೀದಿಗೆ ಎಸೆಯಲು ಮನಸ್ಸು ಒಪ್ಪದು, ಬೆಂಕಿಗೆ ಹಾಕುವುದು ಪಾಪ. ಆದ್ದರಿಂದ ಗಂಗೆಗೆ ಬಿಡೋಣವೆಂದ. ಅವನ ಮಾತಿನಲ್ಲಿ ಭಕ್ತಿಯೇ ಇತ್ತು.

ಅಪ್ಪಣೆಯನ್ನು ನಾವು ಕೊಡಲಿಲ್ಲ. ಕಟ್ಟನ್ನು ಇರಿಸಿಕೊಂಡೆವು. ಅದು ಇಗೋ, ಈ ವ್ಯಾಸಪೀಠದ ಮೇಲೆ ಇದೆ. ರಾತ್ರಿ ನಿದ್ರೆ ಸರಿಯಾಗಿ ಬರಲಿಲ್ಲ. ಏಕೆ ಬರಲಿಲ್ಲವೆಂಬುದನ್ನು ಆಮೇಲೆ ಹೇಳುತ್ತೇವೆ. ಮೊದಲು ಬಹುದೂರದ ಒಂದು ಜನಾಂಗದ ವಿಚಾರವನ್ನು ಕೇಳಿರಿ. ಆ ಕತೆ ಸುತ್ತಿಕೊಂಡು ನಮ್ಮ ಕನ್ನಡನಾಡಿಗೇ ಬರುತ್ತದೆ.

ಯೆಹೂದ್ಯರೆಂಬ ಜನರಿದ್ದಾರೆ. ಕ್ರೈಸ್ತರು ಹಳೆಯ ಒಡಂಬಡಿಕೆ ಎಂದು ಕರೆಯುವ ಭಾಗ ಮೂಲತಃ ಇವರ ಧರ್ಮಗ್ರಂಥ. ಜೆರೂಸಲೇಮಿನಲ್ಲಿ ಇವರಿಗೆ ಒಂದು ಮಹಾದೇವಾಲಯವಿತ್ತು. ಕ್ರಿ. ಶ. 70ರಲ್ಲಿ ರೋಮನರು ಅದನ್ನು ಕೆಡವಿದರು. ಅಲ್ಲಿಂದ ಮುಂದೆ ಇವರು ಹಲವು ದೇಶಗಳಲ್ಲಿ ಚದುರಿ ಬಾಳಬೇಕಾಯಿತು. ಕಲ್ಲಿನ ಗುಡಿ ಹೋಯಿತು, ಕೈಯಲ್ಲಿ ಗ್ರಂಥ ಉಳಿಯಿತು. ಹೋದ ಹೋದಲ್ಲಿ ಒಂದು ಸಭಾಮಂದಿರವನ್ನು ಕಟ್ಟಿಕೊಂಡು, ಅದರ ಪವಿತ್ರಸ್ಥಾನದಲ್ಲಿ ಮೂರ್ತಿಯ ಬದಲು ಧರ್ಮಗ್ರಂಥದ ಸುರುಳಿಯನ್ನಿಟ್ಟು ಪ್ರಾರ್ಥಿಸಿದರು. ಸ್ಥಾವರವನ್ನು ಕಳೆದುಕೊಂಡವರು ಜಂಗಮವನ್ನು ಹಿಡಿದರು ಎಂದರೆ ಇಷ್ಟಲಿಂಗಧಾರಿಗಳಾದ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇವರಲ್ಲಿ ಒಂದು ಸಂಪ್ರದಾಯವಿದೆ. ಭಗವಂತನ ನಾಮವನ್ನು ಬರೆದ ಹಾಳೆ ಹರಿದರೂ, ಮಾಸಿದರೂ ಅದನ್ನು ಸುಡಬಾರದು, ತುಳಿಯಬಾರದು, ಕಸಕ್ಕೆ ಹಾಕಬಾರದು. ಅಂತಹ ಹಾಳೆಗಳನ್ನು ಸಭಾಮಂದಿರದ ಒಂದು ಕೋಣೆಯಲ್ಲಿ ಹಾಕಿ, ಕಾಲಾಂತರದಲ್ಲಿ ಸ್ಮಶಾನಕ್ಕೆ ಒಯ್ದು, ಮನುಷ್ಯರಿಗೆ ಮಾಡುವಂತೆಯೇ ಮಣ್ಣುಮಾಡುತ್ತಾರೆ. ಆ ಕೋಣೆಗೆ ಗೆನಿಜಾ ಎಂದು ಹೆಸರು. ಈಜಿಪ್ಟ್ ದೇಶದ ಕೈರೋ ನಗರದ ಹಳೆಯ ಭಾಗವಾದ ಫುಸ್ತಾತ್‌ನಲ್ಲಿ ಬೆನ್ ಎಜ್ರಾ ಎಂಬ ಸಭಾಮಂದಿರವಿದೆ. ಅಲ್ಲಿಯ ಗೆನಿಜಾಕ್ಕೆ ಕಿಟಕಿಯಿರಲಿಲ್ಲ. ಗೋಡೆಯ ಮೇಲ್ಭಾಗದಲ್ಲಿ ಒಂದು ಕಂಡಿ. ಏಣಿ ಹತ್ತಿ ಆ ಕಂಡಿಯೊಳಗೆ ಹಾಳೆಗಳನ್ನು ಹಾಕುತ್ತಿದ್ದರು. ಒಳಗೆ ಬಿದ್ದವುಗಳಲ್ಲಿ ಬಹುಪಾಲನ್ನು ಮಣ್ಣಿಗೆ ಸೇರಿಸದೆ ಅಲ್ಲಿಯೇ ಬಿಟ್ಟರು. ಹೀಗೆ ಶತಶತಮಾನ ನಡೆಯಿತು.

ದೇವರ ನಾಮವಿರುವ ಹಾಳೆ ಎಂದೆವು. ಆದರೆ ಯಾವ ಹಾಳೆಯಲ್ಲಿ ಆ ನಾಮವಿದೆ, ಯಾವುದರಲ್ಲಿ ಇಲ್ಲ ಎಂದು ಹುಡುಕುತ್ತ ಕೂರುವವರು ಯಾರು? ಪತ್ರದ ಮೊದಲಲ್ಲಿ ದೇವರನ್ನು ನೆನೆಯುವುದು ವಾಡಿಕೆ. ಲೆಕ್ಕದ ಚೀಟಿಯೂ ಅದೇ ಹೀಬ್ರೂ ಲಿಪಿಯಲ್ಲಿದೆ. ಆದ್ದರಿಂದ ಎಲ್ಲವನ್ನೂ ಹಾಕಿದರು. ಮದುವೆಯ ಕರಾರು, ಸಾಲದ ಪತ್ರ, ಮಕ್ಕಳು ಅಕ್ಷರ ತಿದ್ದಿದ ಹಾಳೆ, ವೈದ್ಯನ ಔಷಧದ ಚೀಟಿ, ಸಮುದ್ರ ದಾಟಿ ಬಂದ ವ್ಯಾಪಾರಿಗಳ ಕಾಗದ, ಒಂದನ್ನೂ ಬಿಡಲಿಲ್ಲ.

1896ರಲ್ಲಿ ಆಗ್ನೆಸ್ ಲೂಯಿಸ್, ಮಾರ್ಗರೆಟ್ ಗಿಬ್ಸನ್ ಎಂಬ ವಿದುಷಿಯರು, ಅವಳಿ ಸೋದರಿಯರು, ಪೂರ್ವದೇಶಗಳ ಪ್ರವಾಸದಿಂದ ಕೆಲವು ಹಳೆಯ ಹಾಳೆಗಳನ್ನು ಇಂಗ್ಲೆಂಡಿನ ಕೇಂಬ್ರಿಡ್ಜಿಗೆ ತಂದರು. ಅಲ್ಲಿ ಸಾಲೊಮನ್ ಶೆಕ್ಟರ್ ಎಂಬ ಯೆಹೂದ್ಯ ಪಂಡಿತರಿದ್ದರು. ಆ ಹಾಳೆಗಳಲ್ಲಿ ಒಂದನ್ನು ನೋಡಿದ ಕೂಡಲೇ ಅವರಿಗೆ ಅದು ಬೆನ್ ಸಿರಾ ಎಂಬ ಜ್ಞಾನಿಯ ಗ್ರಂಥದ ಹೀಬ್ರೂ ಪಾಠವೆಂದು ಹೊಳೆಯಿತು. ಆ ಗ್ರಂಥ ಗ್ರೀಕ್ ಮೊದಲಾದ ಭಾಷಾಂತರಗಳಲ್ಲಿ ಇತ್ತು, ಮೂಲ ಕಳೆದುಹೋಯಿತೆಂದೇ ಎಲ್ಲರೂ ತಿಳಿದಿದ್ದರು. ಶೆಕ್ಟರರು ಅದೇ ವರ್ಷದ ಕೊನೆಗೆ ಕೈರೋಗೆ ಹೋದರು. ಅಲ್ಲಿಯ ಧರ್ಮಗುರುಗಳ ಸಮ್ಮತಿಯನ್ನು ಪಡೆದು, ವಾರಗಟ್ಟಲೆ ಆ ಕೋಣೆಯ ಧೂಳಿನಲ್ಲಿ ಕುಳಿತು ಆರಿಸಿ, ಮೂಟೆಮೂಟೆಯಾಗಿ ಕೇಂಬ್ರಿಡ್ಜಿನ ಗ್ರಂಥಾಲಯಕ್ಕೆ ಸಾಗಿಸಿದರು. ಇಂದು ಅಲ್ಲಿ 1,90,000ಕ್ಕೂ ಹೆಚ್ಚು ತುಣುಕುಗಳಿವೆ.

ನಮ್ಮ ಮೈಸೂರಿನಲ್ಲಿಯೂ ಇದಕ್ಕೆ ಸಮನಾದ ಸಂಗತಿಯೊಂದು ನಡೆದಿದೆ. ಕೌಟಿಲ್ಯನ ಅರ್ಥಶಾಸ್ತ್ರವನ್ನು ಹೆಸರಿನಿಂದ ಮಾತ್ರ ಬಲ್ಲ ಕಾಲವಿತ್ತು. ತಂಜಾವೂರು ಸೀಮೆಯ ಒಬ್ಬ ಪಂಡಿತರು ಒಂದು ತಾಳೆಗರಿಯ ಕಟ್ಟನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂದುಕೊಟ್ಟರು. ಗ್ರಂಥಪಾಲಕರಾದ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿದರು, 1909ರಲ್ಲಿ ಅಚ್ಚುಮಾಡಿಸಿದರು. ಶಾಸ್ತ್ರಿಗಳ ಹೆಸರು ಉಳಿಯಿತು, ಉಳಿಯಬೇಕಾದದ್ದೇ. ಕಟ್ಟನ್ನು ತಂದುಕೊಟ್ಟ ಆ ಪಂಡಿತರ ಹೆಸರನ್ನು ಯಾರೂ ಹೇಳುವುದಿಲ್ಲ. ಅವರು ಹೊಳೆಗೆ ಬಿಡೋಣವೆಂದುಕೊಂಡಿದ್ದರೆ?

ಇನ್ನು ಕನ್ನಡನಾಡಿನ ಮಾತಿಗೆ ಬರೋಣ. ಕೈರೋದ ಆ ಕೋಣೆಯಲ್ಲಿ ನಮ್ಮ ಮಂಗಳೂರಿನ ಕಾಗದಪತ್ರಗಳು ಸಿಕ್ಕಿವೆ ಎಂದರೆ ನಂಬುತ್ತೀರಾ? ಎಸ್. ಡಿ. ಗೊಯ್ಟೈನ್ ಎಂಬ ವಿದ್ವಾಂಸರು ತಮ್ಮ ಆಯುಷ್ಯದ ಬಹುಭಾಗವನ್ನು ಗೆನಿಜಾದ ಪತ್ರಗಳ ಓದಿಗೆ ಮುಡಿಪಿಟ್ಟರು. ಇಂಡಿಯಾದೊಡನೆ ವ್ಯಾಪಾರ ಮಾಡುತ್ತಿದ್ದವರ ಪತ್ರಗಳನ್ನೆಲ್ಲ ಬೇರೆಯಾಗಿ ಜೋಡಿಸಿದರು. 1985ರಲ್ಲಿ ಅವರು ತೀರಿಕೊಂಡ ಮೇಲೆ ಮೊರ್ದೆಖೈ ಫ್ರೀಡ್‌ಮನ್ ಎಂಬವರು ಆ ಕೆಲಸವನ್ನು ಮುಂದುವರಿಸಿ, 2008ರಲ್ಲಿ ಗ್ರಂಥ ಹೊರಬಂತು. ಗುರುವಿನ ಕೆಲಸವನ್ನು ಶಿಷ್ಯ ಪೂರೈಸುವುದು ನಮ್ಮಲ್ಲಿ ಮಾತ್ರವಿರುವ ಪದ್ಧತಿಯಲ್ಲ.

ಆ ಪತ್ರಗಳಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿಯ ಬದುಕೇ ಇದೆ. ಆಫ್ರಿಕಾದ ಉತ್ತರ ತೀರದ ಮಹದಿಯಾ ಎಂಬ ಊರಿನವನು. 1132ರ ಸುಮಾರಿಗೆ ಮಂಗಳೂರಿಗೆ ಬಂದ, 1149ರವರೆಗೆ ಬಹುಕಾಲ ಅಲ್ಲಿಯೇ ನೆಲೆಸಿದ. ಅಶು ಎಂಬ ಈ ದೇಶದ ಹೆಣ್ಣುಮಗಳನ್ನು 1132ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರ ಉಳಿದಿದೆ. ಅವಳೇ ಅವನ ಮಕ್ಕಳ ತಾಯಿ. ಈ ಕರಾವಳಿಯಲ್ಲಿ ಅವನಿಗೆ ಒಂದು ಕಂಚುಹಿತ್ತಾಳೆಯ ಕಮ್ಮಟವಿತ್ತು. ಅರಬ್ ದೇಶದ ಏಡನ್ ಬಂದರಿನಿಂದ ಸ್ನೇಹಿತರು ಒಡಕು ಪಾತ್ರೆಗಳನ್ನು ಕಳುಹಿಸುವರು, ಇಲ್ಲಿಯ ಕಸುಬಿನವರು ಅವನ್ನು ಕರಗಿಸಿ ಹೊಸದಾಗಿ ಎರಕ ಹೊಯ್ದು ಕೊಡುವರು. ಇಲ್ಲಿಂದ ಮೆಣಸು, ಏಲಕ್ಕಿ, ಕಬ್ಬಿಣ, ಅಡಿಕೆ ಹಡಗು ಹತ್ತುತ್ತಿದ್ದವು. ಅಡಿಕೆ ಎಂದ ಕೂಡಲೇ ಗುಬ್ಬಿಯ ವರ್ತಕರು ತಲೆಯೆತ್ತಿದ್ದು ನಮಗೆ ಕಂಡಿತು! ಹೌದು, ಎಂಟುನೂರು ಚಿಲ್ಲರೆ ವರ್ಷಗಳ ಹಿಂದಿನ ಅಡಿಕೆ ವ್ಯಾಪಾರ ಆ ಹಾಳೆಗಳಲ್ಲಿದೆ. ಅಲ್ಲಿಂದ ಇಲ್ಲಿಗೆ ಸಕ್ಕರೆ, ದ್ರಾಕ್ಷಿ, ಚಾಪೆ ಮುಂತಾದವು ಬರುತ್ತಿದ್ದವು. ಎಲ್ಲಕ್ಕಿಂತ ಮುಖ್ಯವಾಗಿ ಬರುತ್ತಿದ್ದುದು ಬಿಳಿಯ ಕಾಗದ. ಏಕೆಂದರೆ ನಮ್ಮಲ್ಲಿ ಆಗ ಕಾಗದವಿರಲಿಲ್ಲ, ಓಲೆಗರಿಯೇ ಇದ್ದುದು. ಆ ಮನುಷ್ಯನಿಗೆ ಕಾಗದ ಅಷ್ಟು ಅಮೂಲ್ಯವಾಗಿತ್ತು. ಬಂದ ಪತ್ರಗಳ ಹಿಂಬದಿಯಲ್ಲೇ ಲೆಕ್ಕ ಬರೆದ, ಕರಡು ಬರೆದ, ಪದ್ಯವನ್ನೂ ಬರೆದ.

ಅವನ ವ್ಯವಹಾರಗಳನ್ನು ನೋಡಿಕೊಳ್ಳಲು ಒಬ್ಬ ದಾಸನಿದ್ದ. ಯಜಮಾನನ ಪರವಾಗಿ ಸಮುದ್ರ ದಾಟಿ ಏಡನ್ನಿಗೆ ಹೋಗಿ ಬರುತ್ತಿದ್ದ. ಹೀಬ್ರೂ ಲಿಪಿಯಲ್ಲಿ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಹೀಗಾಗಿ ಆ ದಾಸನ ಹೆಸರನ್ನು ಹೇಗೆ ಓದಬೇಕೆಂಬುದೇ ವಿದ್ವಾಂಸರಿಗೆ ಸಮಸ್ಯೆಯಾಗಿತ್ತು. ಅಮಿತಾವ್ ಘೋಷ್ ಎಂಬ ಬಂಗಾಳದ ಲೇಖಕರು ಅದರ ಬೆನ್ನು ಹತ್ತಿ ಮಂಗಳೂರಿಗೆ ಬಂದು, ಇಲ್ಲಿಯವರನ್ನು ಕೇಳಿ ನಿರ್ಧರಿಸಿದರು: ಅದು ಬೊಮ್ಮ. 1992ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅದನ್ನೆಲ್ಲ ಬರೆದಿದ್ದಾರೆ. ಬ್ರಹ್ಮ ಎಂಬುದು ನಮ್ಮ ಬಾಯಲ್ಲಿ ಬೊಮ್ಮವಾಗುತ್ತದೆ, ಇದು ತದ್ಭವ. ನಮ್ಮ ಶರಣರಲ್ಲಿ ಕಿನ್ನರಿ ಬೊಮ್ಮಯ್ಯನವರಿಲ್ಲವೇ? ಮೊದಮೊದಲ ಒಂದು ಪತ್ರದಲ್ಲಿ ಈ ಬೊಮ್ಮನ ಮೇಲೆ ದೂರಿದೆ. ಏಡನ್ನಿನಲ್ಲಿ ಕುಡಿದು, ಇನ್ನಷ್ಟು ಹಣ ಕೊಡಿರೆಂದು ಪೀಡಿಸಿದನಂತೆ. ಬರಬರುತ್ತ ಅದೇ ಸ್ನೇಹಿತರು ಅವನ ಹೆಸರಿಗೆ ಗೌರವದ ಶೇಖ್ ಪದವನ್ನು ಸೇರಿಸಿ ಬರೆದರು. 1148ರಲ್ಲಿ ಏಡನ್ನಿನಿಂದ ಖಲಫ್ ಎಂಬ ವರ್ತಕ ಮಂಗಳೂರಿಗೆ ಬರೆದ ಪತ್ರದಲ್ಲಿ ಬೊಮ್ಮನಿಗೆ ಹೇರಳವಾಗಿ ಸಲಾಂ ತಿಳಿಸಿದ್ದಾನೆ. ಆ ಪತ್ರ ಜೆರೂಸಲೇಮಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಸೇರಿದೆ.

ಈಗ ಒಂದು ಕ್ಷಣ ಆಲೋಚಿಸಿರಿ. 1148 ಎಂದರೆ ಯಾವ ಕಾಲ? ಬಸವಣ್ಣನವರು ಯೌವನದಲ್ಲಿದ್ದ ಕಾಲ. ಅಲ್ಲಮಪ್ರಭುಗಳು, ಅಕ್ಕಮಹಾದೇವಿಯವರು ಈ ನಾಡಿನಲ್ಲಿ ನಡೆದಾಡಿದ ಶತಮಾನ. ಅದೇ ಕಾಲದ ಕನ್ನಡ ಕರಾವಳಿಯ ಒಬ್ಬ ದಾಸನ ಹೆಸರು, ಅವನಿದ್ದಾಗಲೇ ಬರೆದ ಮಸಿಯಲ್ಲಿ, ಇಂದಿಗೂ ಕಣ್ಣಿಗೆ ಕಾಣುತ್ತದೆ. ಬಸವಣ್ಣನವರ ಕಾಲದಲ್ಲಿ ಬರೆದ ವಚನದ ಒಂದೇ ಒಂದು ಗರಿ ನಮ್ಮ ಕೈಯಲ್ಲಿಲ್ಲ. ವಚನಗಳೇನೋ ಉಳಿದಿವೆ, ಬಹಳ ಕಾಲದ ಮೇಲೆ ಮಾಡಿದ ಪ್ರತಿಗಳಲ್ಲಿ ಉಳಿದಿವೆ. ಮಹಾಮನೆಯಲ್ಲಿ ಕುಳಿತು ಕೇಳಿದವರು ಅಂದೇ ಬರೆದುಕೊಂಡ ಓಲೆ ಎಲ್ಲಿ? ಇಂಗ್ಲೆಂಡಿನಲ್ಲಿರುವ ನಮ್ಮ ವಿದ್ಯಾರ್ಥಿನಿಲಯದ ಹಳೆಯ ವಿದ್ಯಾರ್ಥಿಯೊಬ್ಬರು ಗೆನಿಜಾದ ಒಂದು ಹಾಳೆಯ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದಾಗ, ಸಂತೋಷದ ಹಿಂದೆಯೇ ನಮಗೆ ಬಂದದ್ದು ಈ ಸಂಕಟ.

ಹಾಗಾದರೆ ಯೆಹೂದ್ಯರ ಭಕ್ತಿ ದೊಡ್ಡದು, ನಮ್ಮದು ಚಿಕ್ಕದೇ? ಹಾಗೆ ಹೇಳಲಾಗದು. ಕೈರೋದಲ್ಲಿ ಮಳೆಯೆಂಬುದು ಅಪರೂಪ, ಗಾಳಿಯೂ ಒಣಗಾಳಿ. ಅಲ್ಲಿ ಕೋಣೆಗೆ ಹಾಕಿ ಮರೆತರೂ ಹಾಳೆ ಉಳಿಯುತ್ತದೆ. ನಮ್ಮದು ಮಳೆಯ ನಾಡು, ಗೆದ್ದಲ ನಾಡು. ಕುಣಿಗಲ್ಲಿನ ಅಟ್ಟದ ಮೇಲೆ ಇಟ್ಟು ಮರೆತರೆ ತೇವ ಹಿಡಿಯುತ್ತದೆ, ಹುಳು ಹೊಕ್ಕು ಗರಿಯಲ್ಲಿ ಸುರಂಗ ತೋಡುತ್ತದೆ. ಚೆನ್ನಾಗಿ ನೋಡಿಕೊಂಡ ಗರಿಯೂ ಕೆಲವು ಶತಮಾನ ಬಾಳಿ ಪುಡಿಯಾಗುತ್ತದೆ. ಇದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಆದ್ದರಿಂದಲೇ ಹಳೆಯ ಪ್ರತಿಯಿಂದ ಹೊಸ ಪ್ರತಿಯನ್ನು ಮಾಡಿಸುವುದನ್ನು ಗುಡಿಯ ಜೀರ್ಣೋದ್ಧಾರಕ್ಕೆ ಸಮನೆಂದು ಎಣಿಸಿದರು. ಎಣ್ಣೆಯಿಂದ, ನೀರಿನಿಂದ, ಸಡಿಲ ಕಟ್ಟಿನಿಂದ ತನ್ನನ್ನು ಕಾಪಾಡಬೇಕೆಂದು ಪುಸ್ತಕವೇ ಬೇಡಿಕೊಳ್ಳುವಂತೆ ಲಿಪಿಕಾರರು ಕೊನೆಯಲ್ಲಿ ಬರೆಯುತ್ತಿದ್ದರು. ಅಂದರೆ ಅಲ್ಲಿ ಮುಚ್ಚಿಟ್ಟುದರಿಂದ ಉಳಿಯಿತು, ಇಲ್ಲಿ ಬಿಚ್ಚಿ ಓದಿದ್ದು ಮಾತ್ರ ಉಳಿಯಿತು. ಗ್ರಂಥ ಎಂಬ ಶಬ್ದಕ್ಕೆ ಕಟ್ಟಿದ್ದು ಎಂದು ಅರ್ಥ. ಕಟ್ಟಿದ್ದು ಬಿಚ್ಚುವುದಕ್ಕಾಗಿಯೇ ಅಲ್ಲವೇ?

ಈ ಕೆಲಸ ಎಲ್ಲಿ ನಡೆಯಿತೆಂದು ದೂರ ಹೋಗಿ ಹುಡುಕಬೇಕಾಗಿಲ್ಲ. ನೀವು ಕುಳಿತಿರುವ ಈ ಸೀಮೆಯಲ್ಲೇ ನಡೆಯಿತು. 1167ರ ಸುಮಾರಿಗೆ ಕಲ್ಯಾಣದಲ್ಲಿ ವಿಪ್ಲವವಾಗಿ ಶರಣರು ಚದುರಿದರು, ವಚನಗಳೂ ಚದುರಿದವು. ಮುಂದೆ ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿ, ಯಡಿಯೂರಿನಲ್ಲಿ ಸಮಾಧಿಸ್ಥರಾದ ತೋಂಟದ ಸಿದ್ಧಲಿಂಗೇಶ್ವರರು ಬಂದರು. ಎರಡೂ ಇದೇ ಕುಣಿಗಲ್ ತಾಲ್ಲೂಕಿನ ಊರುಗಳು. ಅವರು ಸ್ವತಃ 701 ವಚನಗಳನ್ನು ರಚಿಸಿದರು. ಅವರ ಶಿಷ್ಯಪರಂಪರೆಯ ವಿರಕ್ತರು ಊರೂರು ಸುತ್ತಿ ಹಳೆಯ ವಚನಗಳನ್ನು ಕೂಡಿಸಿದರು, ಸ್ಥಲಕ್ಕೆ ತಕ್ಕಂತೆ ಜೋಡಿಸಿದರು, ಪ್ರತಿ ಮಾಡಿದರು. ಶೂನ್ಯಸಂಪಾದನೆಯ ಒಂದು ಪರಿಷ್ಕರಣವನ್ನು ಮಾಡಿದ ಸಿದ್ಧವೀರಣ್ಣೊಡೆಯರು ಗೂಳೂರಿನವರು, ತುಮಕೂರಿನ ಮಗ್ಗುಲಿನ ಗೂಳೂರು. ವೀರಶೈವಾಮೃತ ಪುರಾಣವನ್ನು ಬರೆದ ಮಲ್ಲಣಾರ್ಯರು ಗುಬ್ಬಿಯವರು. ಈ ಮೂರು ಊರುಗಳ ನಡುವೆ ಅಂದು ಎಷ್ಟು ಕಂಠಗಳು ಓಲೆಯ ಮೇಲೆ ಕರಕರ ಸದ್ದುಮಾಡಿರಬೇಕು! ಈಗ ಈ ಮೂರು ಊರುಗಳ ನಡುವೆ ಬಸ್ಸಿನ ಹಾರನ್ ಕೇಳುತ್ತದೆ. ಇರಲಿ.

ಗೂಳೂರೆಂದ ಕೂಡಲೇ ನಿಮಗೆ ಗಣಪನ ನೆನಪಾಗುತ್ತದೆ. ಕೆರೆಯ ಮಣ್ಣಿನಿಂದ ಅಷ್ಟು ದೊಡ್ಡ ಗಣಪನನ್ನು ಮಾಡುತ್ತಾರೆ, ಕಾರ್ತಿಕವೆಲ್ಲ ಪೂಜಿಸಿ ಕೆರೆಗೆ ಬಿಡುತ್ತಾರೆ. ಬಹಳ ಸರಿ, ಮಣ್ಣು ಕೆರೆಯಲ್ಲೇ ಇರುತ್ತದೆ, ಮರುವರ್ಷ ಮತ್ತೆ ಗಣಪನಾಗುತ್ತದೆ. ಓಲೆಯನ್ನು ಕೆರೆಗೆ ಬಿಟ್ಟರೆ ಮರುವರ್ಷ ಆ ಮಾತು ಎದ್ದು ಬರುವುದಿಲ್ಲ.

ಇದನ್ನು ನಾವು ಕಂಡು ಹೇಳುತ್ತಿದ್ದೇವೆ. ರಾತ್ರಿ ನಿದ್ರೆ ಬಾರದಿದ್ದುದಕ್ಕೆ ಕಾರಣವೂ ಇದೇ. ನಲವತ್ತು ವರ್ಷಗಳ ಹಿಂದಿನ ಮಾತು. ಆಗ ನಾವು ಸಂಸ್ಕೃತ ಪಾಠಶಾಲೆಯಲ್ಲಿ ಓದುವ ವಟುಗಳು, ಮಠವೊಂದರಲ್ಲಿ ವಾಸ. ಜಾತ್ರೆಗೆ ಮುಂಚೆ ಸುಣ್ಣಬಣ್ಣ ನಡೆದಿತ್ತು. ಅಟ್ಟವನ್ನು ಖಾಲಿ ಮಾಡುವಾಗ ಹುಳು ಹಿಡಿದ ಓಲೆಗರಿಗಳು ಮೂರು ಕುಕ್ಕೆಯಷ್ಟು ಸಿಕ್ಕವು. ದಾರ ಕಡಿದು ಎಲ್ಲ ಬೆರೆತುಹೋಗಿದ್ದವು. ಪಾರುಪತ್ಯದ ಹಿರಿಯರು, ಸಜ್ಜನರೇ, "ಪವಿತ್ರವಾದದ್ದು, ತುಳಿದಾಟ ಆಗಬಾರದು, ಕೆರೆಗೆ ಬಿಟ್ಟು ಬನ್ನಿ" ಎಂದರು. ನಾವು ಮೂವರು ಹುಡುಗರು ಕುಕ್ಕೆಗಳನ್ನು ಹೊತ್ತು ಹೋದೆವು. ಮೇಲೆ ಬಿಲ್ವಪತ್ರೆ ಇಟ್ಟು, ಪಂಚಾಕ್ಷರಿಯನ್ನು ಹೇಳುತ್ತ ಬಿಟ್ಟೆವು. ಗರಿಗಳು ಕೂಡಲೇ ಮುಳುಗಲಿಲ್ಲ. ಗಾಳಿಗೆ ದಡಕ್ಕೆ ಮರಳಿ ಬರುತ್ತಿದ್ದವು. ನಾವು ಕೋಲಿನಿಂದ ಒಳಕ್ಕೆ ನೂಕಿದೆವು.

ಒಂದು ಗರಿಯನ್ನು ಮಾತ್ರ ನಾವು ಇಟ್ಟುಕೊಂಡೆವು. ಭಕ್ತಿಯಿಂದಲ್ಲ, ಅಮರಕೋಶದ ಪುಸ್ತಕಕ್ಕೆ ಗುರುತಾಗಿ ಇಡಲು ಚೆನ್ನಾಗಿತ್ತೆಂದು. ಎಷ್ಟೋ ವರ್ಷಗಳ ಮೇಲೆ ಹಳೆಯ ಬರಹವನ್ನು ಬಲ್ಲ ಒಬ್ಬ ವಿದ್ವಾಂಸರು ಮಠಕ್ಕೆ ಬಂದಾಗ ತೋರಿಸಿದೆವು. ಅವರು ಮಸಿ ಸವರಿ, ಒರಸಿ, ಬೆಳಕಿಗೆ ಹಿಡಿದು ಓದಿದರು. ಅದು ಒಂದು ವಚನದ ಭಾಗ. ಮೊದಲಿಲ್ಲ, ಹಿಂದಿನ ಗರಿಯಲ್ಲಿತ್ತು. ಅಂಕಿತವೂ ಇಲ್ಲ, ಮುಂದಿನ ಗರಿಯಲ್ಲಿದ್ದಿರಬೇಕು. ಅಂಚಿನಲ್ಲಿ 87 ಎಂದು ಅಂಕಿ ಇತ್ತು. ಅಚ್ಚಾದ ಸಂಪುಟಗಳಲ್ಲಿ ಅವರು ಹುಡುಕಿದರು, ನಾವೂ ಹುಡುಕಿದೆವು, ಸಿಗಲಿಲ್ಲ. ಯಾವ ಶರಣರ ಮಾತೋ, ಯಾವ ಶರಣೆಯ ಮಾತೋ, ಹೇಳುವವರಿಲ್ಲ. ಹೇಳಬೇಕಾಗಿದ್ದ 88ನೆಯ ಗರಿಯನ್ನು ಕೋಲಿನಿಂದ ನೂಕಿದ ಕೈ ಇದೇ.

ಆ ಪಾರುಪತ್ಯದ ಹಿರಿಯರನ್ನು ನಾವು ದೂರುವುದಿಲ್ಲ. ಅವರ ಕಣ್ಣಿಗೆ ಅದು ದೇವರ ಸೊತ್ತು, ಓದುವ ಸೊತ್ತಲ್ಲ.

ಓದುವ ಸೊತ್ತಿಗಾಗಿ ಪ್ರಾಣವನ್ನು ಒತ್ತೆಯಿಟ್ಟವರ ಕತೆಯೊಂದನ್ನು ಕೇಳಿರಿ. ಯುರೋಪಿನ ಲಿಥುವೇನಿಯಾ ದೇಶದಲ್ಲಿ ವಿಲ್ನಾ ಎಂಬ ನಗರ. ಅಲ್ಲಿ ಸ್ಟ್ರಾಶುನ್ ಎಂಬ ಪಂಡಿತರು 1885ರಲ್ಲಿ ತೀರಿಕೊಳ್ಳುವಾಗ ತಮ್ಮ ಗ್ರಂಥಭಂಡಾರವನ್ನು ಸಮಾಜಕ್ಕೆ ಬಿಟ್ಟುಹೋದರು, ಅದು ದೊಡ್ಡ ಸಾರ್ವಜನಿಕ ಗ್ರಂಥಾಲಯವಾಯಿತು. ಯೆಹೂದ್ಯರ ಮಾತು, ಹಾಡು, ಗಾದೆ, ಪತ್ರಗಳನ್ನು ಸಂಗ್ರಹಿಸುವ ಯಿವೋ ಎಂಬ ಸಂಸ್ಥೆಯೂ 1925ರಲ್ಲಿ ಅಲ್ಲಿ ಹುಟ್ಟಿತು. 1941ರಲ್ಲಿ ಹಿಟ್ಲರನ ಸೇನೆ ಆ ನಗರವನ್ನು ಹಿಡಿಯಿತು. ಯೆಹೂದ್ಯರಲ್ಲಿ ಬಹುಪಾಲು ಜನರನ್ನು ಕೊಂದಿತು, ಉಳಿದವರನ್ನು ಒಂದು ಕೇರಿಯೊಳಗೆ ಕೂಡಿಹಾಕಿತು. ಪುಸ್ತಕಗಳಲ್ಲಿ ಬೆಲೆಬಾಳುವುದನ್ನು ಜರ್ಮನಿಗೆ ಕಳುಹಿಸಲು, ಮಿಕ್ಕದ್ದನ್ನು ಕಾಗದದ ಗಿರಣಿಗೆ ಹಾಕಲು ವಿಂಗಡಿಸುವ ಕೆಲಸವನ್ನು ಅದೇ ಯೆಹೂದ್ಯ ವಿದ್ವಾಂಸರಿಗೆ ಹಚ್ಚಿತು. ಅವರಲ್ಲಿ ಹರ್ಮನ್ ಕ್ರುಕ್ ಎಂಬ ಗ್ರಂಥಪಾಲಕರು, ಸುತ್ಸ್‌ಕೆವರ್, ಕಚೆರ್ಗಿನ್ಸ್ಕಿ ಎಂಬ ಕವಿಗಳು ಇದ್ದರು. ಇವರು ಸಾಯಂಕಾಲ ಕೇರಿಗೆ ಮರಳುವಾಗ ಅಂಗಿಯೊಳಗೆ, ಹೊಟ್ಟೆಗೆ ಸುತ್ತಿಕೊಂಡು ಹಾಳೆಗಳನ್ನು ಸಾಗಿಸುತ್ತಿದ್ದರು. ಬಾಗಿಲಲ್ಲಿ ಕಾವಲು, ಸಿಕ್ಕಿಬಿದ್ದರೆ ಏಟು, ಸಾವೂ ಬರಬಹುದು. ಹಸಿದ ಹೊಟ್ಟೆಯವರು ರೊಟ್ಟಿಯನ್ನು ಬಚ್ಚಿಟ್ಟು ತರಬಹುದಾಗಿದ್ದ ಜಾಗದಲ್ಲಿ ಕಾಗದವನ್ನು ತಂದರು. ನೆಲದಲ್ಲಿ ಹೂತರು, ಗೋಡೆಯಲ್ಲಿ ಹುದುಗಿಸಿದರು. ಕ್ರುಕ್ ಅವರನ್ನು 1944ರಲ್ಲಿ ಕೊಂದರು. ಕವಿಗಳಿಬ್ಬರೂ ಬದುಕಿ ಬಂದು, ಯುದ್ಧ ಮುಗಿಯುವ ಹೊತ್ತಿಗೆ ಹೂತದ್ದನ್ನು ಅಗೆದು ತೆಗೆದರು.

ಆಮೇಲೆ ಸೋವಿಯತ್ ಸರಕಾರ ಆ ಸಂಗ್ರಹವನ್ನೂ ಮುಚ್ಚಿಸಿತು. ಆಗ ಅಂತಾನಸ್ ಉಲ್ಪಿಸ್ ಎಂಬ ಲಿಥುವೇನಿಯಾದ ಗ್ರಂಥಪಾಲಕರು, ಯೆಹೂದ್ಯರಲ್ಲದವರು, ಹಳೆಯ ಚರ್ಚೊಂದರ ಕಟ್ಟಡದಲ್ಲಿದ್ದ ತಮ್ಮ ಪುಸ್ತಕಭಂಡಾರದ ರಾಶಿಗಳ ನಡುವೆ ಅವನ್ನು ಅಡಗಿಸಿಟ್ಟರು. ತಮ್ಮ ಮತದ್ದಲ್ಲ, ತಮ್ಮ ಭಾಷೆಯದ್ದಲ್ಲ. ನಮಗೆ ಈ ಮನುಷ್ಯನ ಮೇಲೆ ವಿಶೇಷ ಗೌರವ. ಅವೆಲ್ಲ ಹೊರಗೆ ಬಂದದ್ದು 1980ರ ದಶಕದ ಕೊನೆಗೆ. 2017ರಲ್ಲಿ ಮತ್ತೆ 1,70,000 ಪುಟಗಳಷ್ಟು ಸಿಕ್ಕವೆಂದು ಪ್ರಕಟವಾಯಿತು.

ನಮ್ಮಲ್ಲಿ ಫ. ಗು. ಹಳಕಟ್ಟಿಯವರಿರಲಿಲ್ಲವೇ? ವಿಜಾಪುರದ ವಕೀಲರು. ಮನೆಮನೆಯ ಕಟ್ಟುಗಳನ್ನು ಕೈಮುಗಿದು ಬೇಡಿ ತಂದು, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. ಸ್ವಂತ ಮನೆಯನ್ನು ಮಾರಿ ಮುದ್ರಣಾಲಯ ನಡೆಸಿದರು. ಅವರು ಕೇಳಿದಾಗ ಕೊಡದವರೂ ಇದ್ದರು. ಜಗುಲಿಯ ಮೇಲಿಟ್ಟು ಪೂಜಿಸುವುದನ್ನು ಹೊರಗೆ ಕೊಡುವುದುಂಟೇ ಎಂಬ ಭಾವನೆ.

"ಬುದ್ಧೀ, ಈಗ ಎಲ್ಲಾ ಅಚ್ಚಾಗಿದೆಯಲ್ಲ, ಸರಕಾರವೇ 1993ರಲ್ಲಿ ಹದಿನೈದು ಸಂಪುಟ ತಂದಿದೆಯಲ್ಲ" ಎಂದು ಗುಬ್ಬಿಯ ಒಬ್ಬ ಮೇಷ್ಟ್ರು ಬೆಳಿಗ್ಗೆ ಕೇಳಿದರು. ಬಹಳ ದೊಡ್ಡ ಕೆಲಸ ಅದು, ಸಂದೇಹವಿಲ್ಲ. ನಮ್ಮ 87ನೆಯ ಗರಿ ಅದರಲ್ಲಿಲ್ಲ. ಅದೂ ಹಾಗಿರಲಿ, ನಿಮ್ಮ ಮನೆಯಲ್ಲಿರುವುದು ವಚನವೇ ಆಗಬೇಕೆಂದಿಲ್ಲ. ದನದ ವೈದ್ಯವಿರಬಹುದು, ಜಮೀನಿನ ವಿಚಾರವಿರಬಹುದು, ಹುಣಸೆಬೀಜದ ಸರಿ ಬಳಿದು ಕಪ್ಪುಮಾಡಿದ ಬಟ್ಟೆಯ ಕಡತವಿರಬಹುದು, ಅದರಲ್ಲಿ ಬಳಪದಿಂದ ಬರೆದ ಅಡಿಕೆ ಕೊಬ್ಬರಿಯ ಲೆಕ್ಕವಿರಬಹುದು. ಲೆಕ್ಕವೆಂದು ಹಗುರವಾಗಿ ಕಾಣಬೇಡಿರಿ. ಬೊಮ್ಮನ ಹೆಸರು ಉಳಿದದ್ದು ಪುರಾಣದಲ್ಲಲ್ಲ, ವ್ಯಾಪಾರದ ಕಾಗದದಲ್ಲಿ.

ಇನ್ನೊಂದು ಆಕ್ಷೇಪವನ್ನು ನಾವೇ ಎತ್ತುತ್ತೇವೆ. ಶರಣರು ಒಣ ಪಾಂಡಿತ್ಯವನ್ನು ಒಪ್ಪಲಿಲ್ಲ, ಅನುಭಾವವೇ ದೊಡ್ಡದೆಂದರು. ಹಾಗಿದ್ದ ಮೇಲೆ ಗರಿಗಳ ಗೊಡವೆ ಏಕೆ? ಒಳ್ಳೆಯ ಪ್ರಶ್ನೆ. ಆದರೆ ಶರಣರು ಹಾಗೆ ಹೇಳಿದರೆಂಬುದು ನಿಮಗೆ ಗೊತ್ತಾದದ್ದು ಹೇಗೆ? ಯಾರೋ ಒಬ್ಬ ವಿರಕ್ತರು ಕಗ್ಗೆರೆಯ ಕಡೆ ಎಲ್ಲಿಯೋ ಕುಳಿತು, ಮೊಣಕಾಲ ಮೇಲೆ ಗರಿಯಿಟ್ಟುಕೊಂಡು ಕೊರೆದರು, ಆದ್ದರಿಂದ. ದೇವಋಣ, ಪಿತೃಋಣಗಳ ಜೊತೆಗೆ ಋಷಿಋಣವೆಂದು ಒಂದಿದೆ. ಅದು ಓದಿನಿಂದ ತೀರುವ ಋಣ, ಊದುಬತ್ತಿಯಿಂದ ತೀರುವುದಲ್ಲ.

ಈಗ ಕೆಲಸದ ಮಾತು. ಮಠದ ಪಶ್ಚಿಮದ ಕೊಠಡಿಯನ್ನು ಇದಕ್ಕಾಗಿ ಬಿಡಿಸಿದ್ದೇವೆ. ಗುಬ್ಬಿ, ಕುಣಿಗಲ್, ತುಮಕೂರು, ಯಾವ ಕಡೆಯವರೇ ಆಗಲಿ, ಮನೆಯಲ್ಲಿ ಕಟ್ಟು ಇದ್ದರೆ ತಂದು ತೋರಿಸಿರಿ. ಮಠಕ್ಕೆ ಕೊಟ್ಟುಬಿಡಬೇಕೆಂದು ನಾವು ಹೇಳುವುದಿಲ್ಲ. ಓದಬಲ್ಲವರನ್ನು ಕರೆಸುತ್ತೇವೆ, ಫೋಟೋ ತೆಗೆಸಿ, ಏನಿದೆಯೆಂದು ಬರೆದುಕೊಂಡು, ಬೇಕೆಂದವರಿಗೆ ಅವರ ಕಟ್ಟನ್ನು ಹಿಂದಕ್ಕೆ ಕೊಡುತ್ತೇವೆ. ಆಯುಧಪೂಜೆಗೆ ನಿಮ್ಮ ಮನೆಯಲ್ಲೇ ಇರಲಿ. ತರುವ ಮೊದಲು ನೀವಾಗಿಯೇ ಶುಚಿಮಾಡಲು ಹೋಗಬೇಡಿರಿ. ನೀರು ತಾಗಿಸಬೇಡಿರಿ, ಕೊಬ್ಬರಿ ಎಣ್ಣೆ ಸವರಬೇಡಿರಿ. ಬಲ್ಲವರು ಮಜ್ಜಿಗೆಹುಲ್ಲಿನ ಎಣ್ಣೆಯನ್ನು ಹಚ್ಚುತ್ತಾರೆ, ಅದಕ್ಕೊಂದು ಕ್ರಮವಿದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಒಳಗೆ ಬೆವರುತ್ತದೆ, ಹತ್ತಿಯ ಬಟ್ಟೆಯಲ್ಲೇ ಇರಲಿ, ಜೊತೆಗೆ ಬಜೆಯ ಎರಡು ತುಂಡು ಇಡಿರಿ. ಅಂಟಿಕೊಂಡ ಗರಿಗಳನ್ನು ಉಗುರಿನಿಂದ ಬಿಡಿಸಬೇಡಿರಿ. ಕುಂಕುಮವನ್ನು ಬಟ್ಟೆಯ ಹೊರಗೆ ಇಡಿರಿ, ಗರಿಯ ಮೇಲೆ ಬೇಡ. ತಾಯಂದಿರು ಇದನ್ನು ಮನಸ್ಸಿನಲ್ಲಿಡಬೇಕು.

ವಿದ್ಯಾರ್ಥಿನಿಲಯದ ಮಕ್ಕಳಲ್ಲಿ ಐದಾರು ಮಂದಿಯಾದರೂ ಹಳೆಯ ಬರಹವನ್ನು ಓದಲು ಕಲಿಯಬೇಕು. ಪರೀಕ್ಷೆಗೆ ಅಂಕ ಬರುವುದಿಲ್ಲ, ಮೊದಲೇ ಹೇಳಿದ್ದೇವೆ. ಆರು ತಿಂಗಳು ಸಂಜೆ ಒಂದು ಗಂಟೆ ಕುಳಿತರೆ ಕಣ್ಣು ಹೊಂದಿಕೊಳ್ಳುತ್ತದೆ. ನಾವೂ ಅವರೊಡನೆ ಕುಳಿತುಕೊಳ್ಳುತ್ತೇವೆ. ಸಂಸ್ಕೃತ ಓದಿದ್ದೇವೆಂಬ ಹೆಮ್ಮೆಯಲ್ಲಿ ಇಷ್ಟು ವರ್ಷ ಇದನ್ನು ಕಲಿಯದೆ ಬಿಟ್ಟದ್ದು ನಮ್ಮದೇ ತಪ್ಪು.

ನಿನ್ನೆ ಬಂದ ಆ ತಾಯಿ ಮಗನೊಂದಿಗೆ ಇಲ್ಲಿಯೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಕಟ್ಟನ್ನು ಅವರ ಎದುರಿಗೇ, ನಿಮ್ಮೆಲ್ಲರ ಎದುರಿಗೇ ಬಿಚ್ಚಬೇಕೆಂದು ನಿನ್ನೆಯಿಂದ ಕಾದಿದ್ದೇವೆ. ಓದಬಲ್ಲ ಪಂಡಿತರು ಬಂದಿದ್ದಾರೆ, ಅವರಿಗೆ ಸ್ವಲ್ಪ ಜಾಗ ಬಿಡಿರಿ. ತಾಯೀ, ಮೇಲೆ ಬನ್ನಿ, ಗಂಟನ್ನು ನೀವೇ ಬಿಚ್ಚಬೇಕು. ಅವಸರವಿಲ್ಲ. ಮಕ್ಕಳೇ, ಆ ಫ್ಯಾನನ್ನು ನಿಲ್ಲಿಸಿರಿ, ಗರಿ ಹಾರೀತು.